ಹೆಬ್ಬೆಟ್ಟಿನ ತಲಾಟಿ

ಬೈಲಹೊಂಗಲದ ಬಸ್ ಸ್ಟ್ಯಾಂಡಿನಿಂದ ಪೇಟೆಗೆ ಹೋಗುವ ದಾರಿಯಲ್ಲಿ ನನ್ನದೊಂದು ಬೇಕರಿ ಇದೆ. ಅಬ್ಬಾ ಹಾಕಿದ್ದು. ಖಾರಿ, ಟೋಸ್ಟು, ಬನ್ನು, ಹಬ್ಬ ಬಂದರೆ ನಾನಖಟಾಯಿ. ಭಟ್ಟಿಗೆ ಎದುರಾಗಿ ಒಂದು ಕಟ್ಟಿಗೆಯ ಬೆಂಚು ಇದೆ. ಅದನ್ನು ತೆಗೆದು ಆ ಜಾಗದಲ್ಲಿ ಫ್ರಿಜ್ ಇಡೋಣ ಎಂದು ಹೆಂಡತಿ ಹೇಳಿದಳು. ಆಗಲಿ ಎಂದೆ. ಹಾಗೆಂದು ಎರಡು ತಿಂಗಳಾಯಿತು, ಬೆಂಚು ಇನ್ನೂ ಅಲ್ಲೇ ಇದೆ. ಅದರ ಮೇಲೆ ಕೂರುತ್ತಿದ್ದ ಮನುಷ್ಯನ ಬಗ್ಗೆ ನಾಲ್ಕು ಮಾತು ಬರೆದ ಮೇಲೆ ನೋಡೋಣ ಎಂದು ಸುಮ್ಮನಿದ್ದೇನೆ.

ಹೆಸರು ಬರೆಯುವುದಿಲ್ಲ. ಕಾಗದದ ಮೇಲೆ ತಮ್ಮ ಹೆಸರು ಕಾಣುವುದು ಅವರಿಗೆ ಸೇರುತ್ತಿರಲಿಲ್ಲ. ಊರಿಗೆ ಅವರು ತಲಾಟಿ ಸಾಹೇಬರು. ಸರಕಾರ ಆ ಹುದ್ದೆಯ ಹೆಸರನ್ನು ಗ್ರಾಮ ಲೆಕ್ಕಿಗ ಎಂದು ಬದಲಿಸಿ ಎಷ್ಟೋ ಕಾಲವಾಯಿತು, ನಮ್ಮ ಜನ ಇನ್ನೂ ಬದಲಿಸಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ನಾಲ್ಕು ಕಡೆ ವರ್ಗವಾಗಿ ತಿರುಗಿದವರು. ಹೊಲದ ಪಹಣಿ ಉತಾರಕ್ಕೆ ಸಹಿ, ವಾರಸುದಾರರ ಹೆಸರು ಹಚ್ಚಲು ಸಹಿ, ಬೆಳೆ ಹಾಳಾದರೆ ಸಹಿ. ನೌಕರಿಯೆಲ್ಲ ಸಹಿ ಮಾಡುವುದರಲ್ಲೇ ಕಳೆದ ಮನುಷ್ಯ, ನಾನು ಕಂಡ ಕಾಲಕ್ಕೆ ಮಾತ್ರ ಹೆಬ್ಬೆಟ್ಟು ಒತ್ತುತ್ತಿದ್ದರು.

ಒಮ್ಮೆ ಬ್ಯಾಂಕಿನ ಸಾಲಿನಲ್ಲಿ ಅವರ ಹಿಂದೆಯೇ ನಿಂತಿದ್ದೆ. ಪಿಂಚಣಿಯವರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆಂದು ಬರೆದುಕೊಟ್ಟು ಬರಬೇಕಲ್ಲ, ಆ ದಿನ. ಸಾಹೇಬರು ಎಡಗೈ ಹೆಬ್ಬೆಟ್ಟನ್ನು ಶಾಯಿಯಲ್ಲಿ ಹೊರಳಿಸಿ ಕಾಗದಕ್ಕೆ ಒತ್ತಿದರು. ಕಿಟಕಿಯಾಚೆಗಿನ ಹುಡುಗಿ ಹೊಸಬಳು. ಕನ್ನಡಕ, ಇಸ್ತ್ರಿ ಅಂಗಿ, ಜೇಬಿನಲ್ಲಿ ಪೆನ್ನು ನೋಡಿ ಕೇಳಿಯೇಬಿಟ್ಟಳು.

"ಅಜ್ಜಾರ, ನೀವು ಸಾಲಿ ಕಲ್ತಿಲ್ಲೇನ್ರಿ?"

"ಕಲ್ತಿದ್ದೆ ತಂಗಿ. ಬಿಟ್ಟೇನಿ," ಎಂದರು, ಬೀಡಿ ಬಿಟ್ಟವರು ಹೇಳುವ ಹಾಗೆ.

ಅವರ ಇನ್ನೊಂದು ಚಾಳಿ ನನ್ನ ಪಿತ್ತ ನೆತ್ತಿಗೇರಿಸುತ್ತಿತ್ತು. "ಸವದತ್ತಿ ಕಡೆ ಜೋರ ಮಳಿ ಅಂತರಿ ಸಾಹೇಬ್ರ" ಎಂದರೆ "ನಾ ನೋಡಿಲ್ಲ" ಎನ್ನುತ್ತಿದ್ದರು. "ಹತ್ತಿ ರೇಟ ಬಿತ್ತಂತ" ಎಂದರೂ "ನಾ ನೋಡಿಲ್ಲ." ಬೇಕರಿಯವನಿಗೆ ಟೋಸ್ಟಿನಷ್ಟೇ ಸುದ್ದಿಯೂ ಬೇಕು. ನಾನು ಹತ್ತು ಮಾತು ಎಸೆದರೆ ಒಂದಾದರೂ ಮರಳಿ ಬರಬೇಕು. ಇವರ ಮುಂದೆ ಎಸೆದದ್ದು ಎಸೆದಲ್ಲೇ ಬಿದ್ದಿರುತ್ತಿತ್ತು. ಇಂಥ ಮನುಷ್ಯನ ಜೊತೆ ಯಾರು ಸಂಸಾರ ಮಾಡಿದರಪ್ಪಾ ಎಂದುಕೊಳ್ಳುತ್ತಿದ್ದೆ. ಮಾಡಿದವರು ತೀರಿಕೊಂಡು ಬಹಳ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಪೇಟೆಯ ಹಿಂದೆ ಒಂದು ಮಾಳಿಗೆಯ ಮೇಲಿನ ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದರು.

ನನ್ನ ಬೇಕರಿಗೆ ಅವರು ಮೊದಲು ಬಂದದ್ದು ಮಲ್ಲೇಶಿಯನ್ನು ಕರೆದುಕೊಂಡು.

"ಒಂದ ಕೆಲಸ ಬೇಕಾಗಿತ್ರಿ ಭಾಯಿ," ಎಂದರು.

"ನಿಮಗೇನ್ರಿ?" ಎಂದೆ ನಗುತ್ತ.

"ನನಗಲ್ಲ. ಅಂವಗ." ಬಾಗಿಲ ಕಡೆ ಕೈ ತೋರಿಸಿದರು.

ಹೊಸ್ತಿಲ ಹೊರಗೆ ನಲವತ್ತರ ಒಬ್ಬ ಮನುಷ್ಯ ಗೋಡೆಗೆ ಮುಖ ಮಾಡಿದವನಂತೆ ನಿಂತಿದ್ದ. ಕೈಯಲ್ಲೊಂದು ಬಟ್ಟೆಯ ಚೀಲ. ಬಾಗಿಲು ತೆರೆದೇ ಇತ್ತು. "ಒಳಗ ಬಾರಪಾ" ಎಂದೆ. ಬಂದ. ಆಮೇಲೆ ತಿಳಿಯಿತು, ಹೇಳದೆ ಅವನು ಯಾವ ಬಾಗಿಲನ್ನೂ ದಾಟುವುದಿಲ್ಲ. ಒಂಬತ್ತು ವರ್ಷ ಜೈಲಿನಲ್ಲಿದ್ದು ಹಿಂದಿನ ದಿನವಷ್ಟೇ ಹೊರಗೆ ಬಂದಿದ್ದ. ಒಳಗೆ ಬ್ರೆಡ್ಡು ಮಾಡುವ ಕೆಲಸ ಕಲಿತಿದ್ದ.

ನನಗೆ ಆಳು ಬೇಕಾಗಿತ್ತು, ಇಲ್ಲವೆನ್ನುವುದಿಲ್ಲ. ಆದರೂ ಸಾಹೇಬರನ್ನು ಬದಿಗೆ ಕರೆದೆ. "ಏನ ಮಾಡಿ ಒಳಗ ಹೋಗಿದ್ದರಿ ಇಂವ?" ಎಂದು ಮೆಲ್ಲಗೆ ಕೇಳಿದೆ.

"ಅವನ್ನ ಕೇಳ್ರಿ. ನಾ ನೋಡಿಲ್ಲ."

"ಹಂಗಾದ್ರ ನೀವರ ಜವಾಬ್ದಾರಿ ಅಂತ ಬರದ ಕೊಡ್ರಿ."

"ಬರದ ಕೊಡಂಗಿಲ್ಲ," ಎಂದರು. "ಎಂಟ ದಿನ ನಾ ಬಂದು ಇಲ್ಲಿ ಕುಂಡರತೇನಿ. ಅಂವ ಬರೂಕಿಂತ ಮೊದಲ ಬರತೇನಿ, ಅಂವ ಹೋದ ಮ್ಯಾಲೆ ಹೋಗತೇನಿ. ಏನರೆ ಕಡಿಮಿ ಬಿದ್ರ ಮೊದಲ ನನ್ನ ಚೀಲ ನೋಡ್ರಿ."

"ನಿಮಗ ಬ್ಯಾರೆ ಉದ್ಯೋಗ ಇಲ್ಲೇನ್ರಿ ಸಾಹೇಬ್ರ?"

"ಇಲ್ಲ," ಎಂದರು.

ಮರುದಿನ ಬೆಳಿಗ್ಗೆ ನಾನು ಷಟರ್ ಎತ್ತುವಾಗ ಸಾಹೇಬರು ಕಟ್ಟೆಯ ಮೇಲೆ ಕೂತಿದ್ದರು. ಒಂದು ಡಬ್ಬಿಯಲ್ಲಿ ರೊಟ್ಟಿ, ಪಲ್ಯ, ನೀರಿನ ಬಾಟಲಿ. ಪೇಪರು ತರಲಿಲ್ಲ, ಮೊಬೈಲು ನೋಡಲಿಲ್ಲ, ನನ್ನದೊಂದು ಬಿಟ್ಟಿ ಟೋಸ್ಟು ಮುಟ್ಟಲಿಲ್ಲ. ಬೆಂಚಿನ ಮೇಲೆ ಕೂತು ಮಲ್ಲೇಶಿಯನ್ನು ನೋಡುತ್ತಿದ್ದರು. ಅವರ ದೆಸೆಯಿಂದ ನಾನೂ ನೋಡಿದೆ. ಮಲ್ಲೇಶಿ ಕಣಕವನ್ನು ಕೈಯಿಂದ ಮುರಿದು ಇಟ್ಟರೆ ಉಂಡೆಗಳೆಲ್ಲ ಒಂದೇ ತೂಕ. ನಂಬದೆ ತಕ್ಕಡಿಗೆ ಹಾಕಿದೆ. ಒಂದೂ ತಪ್ಪಿರಲಿಲ್ಲ. "ಒಳಗ ಒಬ್ಬಗ ದೊಡ್ಡದು, ಒಬ್ಬಗ ಸಣ್ಣದು ಬಂದ್ರ ಹೊಡದಾಟ ಆಗತಾವ್ರಿ," ಎಂದ. ಸಂಜೆ ಐದಕ್ಕೆ ಸರಿಯಾಗಿ ಅವನಿಗೆ ಊಟವಾಗಬೇಕು. ಆ ಅಭ್ಯಾಸ ಇವತ್ತಿಗೂ ಹೋಗಿಲ್ಲ.

ಎಂಟನೆಯ ದಿನ ಸಾಹೇಬರು ಡಬ್ಬಿ ಮುಚ್ಚಿ ಎದ್ದರು. "ಬರದ ಕೊಟ್ಟು ಮನಿಗೆ ಹೋದವಗ ಏನ ಕಾಣತೈತಿ ಭಾಯಿ? ಇನ್ನ ನಿಮಗ ಗೊತ್ತಾತು," ಎಂದರು. ಹೌದು, ಗೊತ್ತಾಗಿತ್ತು. ಮಲ್ಲೇಶಿ ಒಳಗೆ ಹೋದದ್ದು ಯಾಕೆ ಎಂಬುದನ್ನು ನಾಲ್ಕು ವರ್ಷದ ಮೇಲೆ ಅವನೇ ಹೇಳಿದ. ಅದು ಅವನ ಮಾತು, ಇಲ್ಲಿ ಬರೆಯಲಾರೆ.

ಸಾಹೇಬರಿಗೆ ಸಂಸ್ಥೆ ಇರಲಿಲ್ಲ, ಬೋರ್ಡು ಇರಲಿಲ್ಲ. ವಾರಕ್ಕೊಂದು ದಿನ ಬಸ್ಸು ಹಿಡಿದು ಹೋಗಿ ಜೈಲಿನ ಎದುರು ಚಹಾದಂಗಡಿಯಲ್ಲಿ ಕೂರುತ್ತಿದ್ದರು. ಬಿಡುಗಡೆಯಾದವರು ಚೀಲ ಹಿಡಿದು ಹೊರಗೆ ಬಂದು ಬಸ್ ಸ್ಟ್ಯಾಂಡು ಎಡಕ್ಕೋ ಬಲಕ್ಕೋ ತಿಳಿಯದೆ ನಿಲ್ಲುತ್ತಾರಂತೆ. ಇವರು ಹೋಗಿ "ಯಾವೂರ ಬಸ್ಸು?" ಎಂದು ಕೇಳುವುದು. ನಮ್ಮ ನಾಲ್ಕು ತಾಲೂಕಿನ ಊರಾದರೆ ಜೊತೆಯಲ್ಲೇ ಬಸ್ಸು ಹತ್ತುವುದು. ಬೇರೆ ಕಡೆಯವರಿಗೆ ಚಹಾ ಕುಡಿಸಿ ದಾರಿ ತೋರಿಸುವುದು. ಅದರಾಚೆ ತನಗೆ ಯಾರೂ ಗುರುತಿಲ್ಲ ಎನ್ನುತ್ತಿದ್ದರು. ಈ ನಾಲ್ಕು ಕಡೆ ಮಾತ್ರ ತಲಾಟಿ ಎಂದರೆ ಇನ್ನೂ ಒಂದು ಖುರ್ಚಿ ಸಿಗುತ್ತಿತ್ತು.

ಒಂದು ಸಲ ಕಿತ್ತೂರಿನ ಬಸ್ ಸ್ಟ್ಯಾಂಡಿನಲ್ಲಿ ಅವರ ಜೊತೆ ನಿಂತಿದ್ದೆ. ಅಲ್ಲಿಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಅವರೇ ಕೆಲಸಕ್ಕೆ ಹಚ್ಚಿದ್ದ ಮನುಷ್ಯ ಎದುರಿಗೆ ಬಂದ. ಅವನನ್ನು ನಾನೂ ಬಲ್ಲೆ. ಮಗುವನ್ನು ಎತ್ತಿಕೊಂಡಿದ್ದ. ಸಾಹೇಬರ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಹಾದುಹೋದ, ಕಣ್ಣೆತ್ತಿ ನೋಡಲಿಲ್ಲ. ನನಗೆ ಸಿಟ್ಟು ಬಂತು.

"ನೋಡಿದ್ರ್ಯಾ ಸಾಹೇಬ್ರ, ಎಂಥಾ ಕೃತಘ್ನ!"

"ನಾನ ಹಂಗ ಹೇಳೇನಿ," ಎಂದರು. "ನನ್ನ ಗುರ್ತ ಐತಿ ಅಂದ್ರ ಹೆಂಗ ಗುರ್ತು ಅಂತ ಮಂದಿ ಕೇಳತಾರ. ಅದಕ್ಕ ಬಜಾರದಾಗ ನನ್ನ ಮಾತಾಡ್ಸಬ್ಯಾಡ್ರಿ ಅಂತ ಎಲ್ಲಾರಿಗೂ ಹೇಳೇನಿ."

ಮಗು ಮಾತ್ರ ತಂದೆಯ ಹೆಗಲ ಮೇಲಿಂದ ಇವರನ್ನೇ ನೋಡುತ್ತಿತ್ತು. ಸಾಹೇಬರು ಬಸ್ಸಿನ ಬೋರ್ಡು ಓದುತ್ತ ನಿಂತರು. ಎಷ್ಟೋ ಮನೆಗಳ ಒಲೆ ಹೊತ್ತಿಸಿದ ಮನುಷ್ಯನಿಗೆ ನಾಲ್ಕು ತಾಲೂಕಿನಲ್ಲಿ ಒಬ್ಬನೂ ನಮಸ್ಕಾರ ಎನ್ನುವ ಹಾಗಿರಲಿಲ್ಲ. ನನಗೆ ಬಹಳ ಕೆಡುಕೆನಿಸಿತು. ಅವತ್ತಿನಿಂದ ನಾನು ಅವರನ್ನು ಪೇಟೆಯಲ್ಲಿ ಎಲ್ಲಿ ಕಂಡರೂ ಕೂಗಿ ಮಾತಾಡಿಸತೊಡಗಿದೆ. ನಾನಂತೂ ಜೈಲಿಗೆ ಹೋದವನಲ್ಲವಲ್ಲ.

ಎಂಟು ದಿನ ಮುಗಿದ ಮೇಲೂ ಬೆಂಚಿನ ಮೇಲೆ ಕೂರುವ ರೂಢಿ ಅವರಿಗೆ ಬಿಡಲಿಲ್ಲ. ನಾಲ್ಕರ ಸುಮಾರಿಗೆ ಬರುವರು, ಒಂದು ಬನ್ನು, ಅರ್ಧ ಕಪ್ಪು ಚಹಾ. ಮಲ್ಲೇಶಿ ಒಳಗಿನಿಂದ ಚೂರು ಹೆಚ್ಚು ಕೆಂಪಾದ ಬನ್ನನ್ನು ಆರಿಸಿ ತಟ್ಟೆಯಲ್ಲಿಡುವನು. ಸಾಹೇಬರಿಗೆ ಹಾಗೆ ಸೇರುತ್ತದೆಂದು ಅವನಿಗೆ ಹೇಗೆ ತಿಳಿಯಿತೋ, ಇಬ್ಬರೂ ಮಾತಾಡಿದ್ದು ನಾನು ಕಂಡಿಲ್ಲ.

ಒಂದು ದಿನ ಸಾಹೇಬರು ಜೈಲಿನ ಕಡೆಯಿಂದ ಒಬ್ಬರೇ ಬಂದರು. ಚಹಾ ಮುಂದಿಟ್ಟರೆ ಮುಟ್ಟಲಿಲ್ಲ. ಕೆನೆ ಕಟ್ಟಿತು. "ಆರಾಮ ಇಲ್ಲೇನ್ರಿ?" ಎಂದೆ. ಅವತ್ತು ಹೇಳಿದರು, ನಾನು ಕೇಳದೆಯೇ.

ಅವರು ಸವದತ್ತಿ ತಾಲೂಕಿನ ಒಂದು ಹಳ್ಳಿಯ ತಲಾಟಿಯಾಗಿದ್ದಾಗಿನ ಮಾತು. ಪಂಚನಾಮೆಗೆ ಸಹಿ ಬೇಕೆಂದು ಪೊಲೀಸ್ ಠಾಣೆಯಿಂದ ಕರೆ ಬಂತು. ಯಾರದಾದರೂ ಮನೆ ಶೋಧಿಸಿದರೆ, ನಮ್ಮ ಕಣ್ಣ ಮುಂದೆ ಇಂಥ ವಸ್ತು ಸಿಕ್ಕಿತು ಎಂದು ಇಬ್ಬರು ಪಂಚರು ಸಹಿ ಮಾಡಬೇಕು. ಸರಕಾರಿ ನೌಕರನ ಸಹಿ ಇದ್ದರೆ ಗಟ್ಟಿ. ಅವತ್ತು ಬಿಸಿಲು, ಆ ಮನೆ ಎರಡು ಮೈಲು ದೂರ. ಕಾಗದ ಬರೆದು ತಯಾರಿತ್ತು. ಕೂತಲ್ಲೇ ಚಹಾ ಕುಡಿದು ಸಹಿ ಮಾಡಿದರು. ಅಂಥ ಸಹಿ ಎಷ್ಟು ಮಾಡಿದ್ದರೋ. ಎಲ್ಲರೂ ಮಾಡುತ್ತಿದ್ದರು. ಕುರಿ ಕಾಯುವ ಫಕೀರಪ್ಪ ಎಂಬವನ ಮನೆಯಲ್ಲಿ ಗಾಂಜಾದ ಚೀಲ ಸಿಕ್ಕಿತೆಂದು ಆ ಕಾಗದದಲ್ಲಿತ್ತು. ಮುಂದೆ ಕೋರ್ಟಿನಲ್ಲಿ ಕೇಳಿದಾಗಲೂ, ಹೌದು, ನಾನೇ ನಿಂತು ನೋಡಿದೆ ಎಂದರು. ಫಕೀರಪ್ಪನಿಗೆ ಹತ್ತು ವರ್ಷವಾಯಿತು.

"ಅಂವ ಖರೇನ ಮಾಡಿರಲಿಲ್ಲೇನ್ರಿ?" ಎಂದೆ.

"ಅದ ನೋಡ್ರಿ ಭಾಯಿ. ನನಗ ಗೊತ್ತಿಲ್ಲ. ಮಾಡಿರಬಹುದು, ಮಾಡದನೂ ಇರಬಹುದು. ನಾ ಹೋಗಿ ನೋಡಿದ್ರ ಗೊತ್ತಾಗತಿತ್ತು."

ತೀರ್ಪು ಬಂದ ದಿನದಿಂದ ಸಹಿ ಬಿಟ್ಟರು. ನೌಕರಿ ಇನ್ನೂ ಉಳಿದಿರುವಾಗಲೇ ಸ್ವಯಂ ನಿವೃತ್ತಿಗೆ ಅರ್ಜಿ ಕೊಟ್ಟರು, ಅದೇ ಕೊನೆಯ ಸಹಿ. ಆಮೇಲೆ ವಾರಕ್ಕೊಮ್ಮೆ ಜೈಲಿನ ಎದುರು ಹೋಗಿ ಕೂರತೊಡಗಿದ್ದು ಫಕೀರಪ್ಪ ಯಾವತ್ತಾದರೂ ಹೊರಗೆ ಬರುತ್ತಾನೆಂದು. ಅವನು ಬರುವವರೆಗೆ ಸುಮ್ಮನೆ ಕೂರುವುದು ಯಾಕೆಂದು ಉಳಿದವರಿಗೆ ಬಸ್ಸಿನ ದಾರಿ ತೋರಿಸಿದರು, ಕೆಲಸ ಹುಡುಕಿದರು. ಅವತ್ತು ಬೆಳಿಗ್ಗೆ ಫಕೀರಪ್ಪ ಬಂದಿದ್ದ. ಇವರು ಎದ್ದು ಹೋಗಿ, ಏನು ಹೇಳಬೇಕೆಂದು ಹತ್ತು ವರ್ಷ ಕೂಡಿಸಿಟ್ಟದ್ದೆಲ್ಲ ಮರೆತು, "ಯಾವೂರ ಬಸ್ಸು?" ಎಂದರಂತೆ. ಅವನು ಗುರುತು ಹಿಡಿದ. ರಸ್ತೆ ದಾಟಿ ಇನ್ನೊಂದು ಬದಿಯಿಂದ ನಡೆದುಹೋದ.

ಅವನಿಗೊಂದು ಕೆಲಸ ಹುಡುಕಿ ಕೊಡದಿದ್ದರೆ ತಾವು ಈವರೆಗೆ ಮಾಡಿದ್ದೆಲ್ಲ ನೀರಲ್ಲಿ ಹೋಮ ಎಂದು ಸಾಹೇಬರು ಹೇಳಿದರು. ಒಳಗೆ ಅವನು ಮಗ್ಗದ ಕೆಲಸ ಕಲಿತಿದ್ದ, ಅದೂ ಅವರಿಗೆ ಗೊತ್ತಿತ್ತು. ಯಾರ ಕೈಯಲ್ಲೋ ಹೇಳಿಕಳಿಸಿದರು. ಒಲ್ಲೆನೆಂದ. ಹೀಗೇ ಮಳೆಗಾಲ ಕಳೆಯಿತು.

ಒಂದು ಮಧ್ಯಾಹ್ನ ಅವನೇ ಬೇಕರಿಗೆ ಬಂದ. ಸಣಕಲು ಮನುಷ್ಯ, ಕೂದಲು ಪೂರ್ತಿ ಬೆಳ್ಳಗೆ. "ತಲಾಟಿ ಇಲ್ಲೇ ಕುಂಡರತಾರಂತಲ್ರಿ," ಎಂದ. ಸಾಹೇಬರು ಬೆಂಚಿನಿಂದ ಎದ್ದು ನಿಂತರು. ಅವನು ಕೂರಲಿಲ್ಲ, ಇವರೂ ಕೂರಲಿಲ್ಲ.

"ನನಗ ನಿಮ್ಮ ಕೆಲಸ ಬ್ಯಾಡ," ಎಂದ. "ಊರಾಗ ನನ್ನ ಮನ್ಯಾಗ ಯಾರೂ ನೀರ ಕುಡ್ಯಂಗಿಲ್ಲ. ಗಾಂಜಾ ಫಕೀರ ಅಂತಾರ. ನೀವು ಬರದ ಕೊಡ್ರಿ. ಫಕೀರಪ್ಪ ತಪ್ಪ ಮಾಡಿಲ್ಲ ಅಂತ ಬರದು ಸಹಿ ಮಾಡಿ ಕೊಡ್ರಿ. ಊರಾಗ ತೋರಸತೇನಿ."

ಭಟ್ಟಿಯ ಹತ್ತಿರ ಮಲ್ಲೇಶಿಯ ಕೈ ನಿಂತಿತು. ನನಗಂತೂ, ಕೊಟ್ಟುಬಿಡ್ರಿ ಸಾಹೇಬ್ರ, ಒಂದು ಕಾಗದ ತಾನೆ, ಎನ್ನಬೇಕೆನಿಸಿತ್ತು.

"ಆ ದಿನ ನಾ ಅಲ್ಲಿ ಬಂದಿದ್ದಿಲ್ಲ, ನೋಡಿಲ್ಲ, ಸುಳ್ಳ ಹೇಳೇನಿ. ಅದನ್ನ ಬರದ ಕೊಡತೇನಪಾ," ಎಂದರು ಸಾಹೇಬರು. "ಸಹಿನೂ ಮಾಡತೇನಿ. ನೀ ತಪ್ಪ ಮಾಡಿಲ್ಲ ಅಂತ ಹೆಂಗ ಬರೀಲಿ? ಅದನ್ನೂ ನಾ ನೋಡಿಲ್ಲಲ್ಲ."

ಫಕೀರಪ್ಪ ಅವರನ್ನೇ ನೋಡುತ್ತ ನಿಂತ. "ಹತ್ತ ವರ್ಷದ ಹಿಂದ ನೋಡದನ ಬರದ್ರಿ," ಎಂದ. "ಖರೇ ಹೇಳೂದು ನಿಮಗ ಇವತ್ತ ನೆನಪಾತೇನ್ರಿ?"

ಅವನು ಹೋದ. ನನ್ನ ಸಿಟ್ಟೆಲ್ಲ ಸಾಹೇಬರ ಮೇಲೆ ತಿರುಗಿತು. "ನಿಮ್ಮ ಒಬ್ಬರ ಚೊಲೋತನಕ್ಕ ಅವನ್ನ ಎರಡನೇ ಸಲ ಕೊಂದ್ರಿ," ಎಂದು ಅಂದುಬಿಟ್ಟೆ. ಅವರು ಚಪ್ಪಲಿ ಮೆಟ್ಟಿ ಎದ್ದುಹೋದರು.

ಮರುದಿನ ಬಾಂಡ್ ಪೇಪರು ತಂದರು. ತಾವೇ ಕೈಯಿಂದ ಬರೆದಿದ್ದರು. ಬರೆದು ಎಷ್ಟೋ ಕಾಲವಾಗಿದ್ದರೂ ಅಕ್ಷರ ದುಂಡಗಿದ್ದವು. "ಇಬ್ಬರು ಪಂಚರು ಬೇಕು ಭಾಯಿ. ನೀವೊಬ್ಬರು ಆಗ್ರಿ," ಎಂದರು. ಹಿಂದಿನ ದಿನ ಆಡಿದ ಮಾತಿನ ಅಳುಕು ನನಗೆ. ಕೂಡಲೆ ಪೆನ್ನು ಕಸಿದು ಕೆಳಗೆ ಸಹಿ ಹಾಕಲು ಹೋದೆ. ಸಾಹೇಬರು ಕಾಗದದ ಮೇಲೆ ಅಂಗೈ ಇಟ್ಟರು.

"ಓದಿಲ್ಲ ನೀವು."

"ನಿಮ್ಮ ಕಾಗದ ಓದೂದೇನ್ರಿ ಸಾಹೇಬ್ರ? ನಿಮ್ಮ ಮ್ಯಾಲೆ ನಂಬಿಗಿ ಇಲ್ಲೇನ ನನಗ?"

"ನಾನೂ ಹಂಗ ಅಂದಿದ್ದೆ," ಎಂದರು.

ಓದಿದೆ. ನಾಲ್ಕೇ ಸಾಲು. ಆ ದಿನ ನಾನು ಆ ಮನೆಗೆ ಹೋಗಿರಲಿಲ್ಲ. ಚೀಲ ಸಿಕ್ಕಿದ್ದನ್ನು ನೋಡಿಲ್ಲ. ನೋಡಿದೆನೆಂದು ಸಹಿ ಮಾಡಿದೆ, ಕೋರ್ಟಿನಲ್ಲಿಯೂ ಹೇಳಿದೆ. ಅದು ಸುಳ್ಳು. ಇಷ್ಟೇ. ಕ್ಷಮೆ ಗಿಮೆ ಒಂದೂ ಇರಲಿಲ್ಲ.

"ಮೊದಲ ನಾ ಮಾಡಬೇಕು. ನೀವು ನೋಡಬೇಕು. ಆಮ್ಯಾಲೆ ನಿಮ್ಮದು," ಎಂದು ಪೆನ್ನು ತೆಗೆದುಕೊಂಡರು. ಕೈ ಓಡಲಿಲ್ಲ. ಟೋಸ್ಟು ಕಟ್ಟುವ ಹಳೆ ಪೇಪರಿನ ಅಂಚಿನಲ್ಲಿ ಐದಾರು ಸಲ ಸಹಿ ಮಾಡಿ ನೋಡಿದರು. ಒಂದಿದ್ದ ಹಾಗೆ ಒಂದಿರಲಿಲ್ಲ. ಕೊನೆಗೆ ಒಂದನೆಯ ಇಯತ್ತೆಯ ಹುಡುಗನ ಹಾಗೆ, ಒಂದೊಂದೇ ಅಕ್ಷರ ಬಿಡಿಸಿ, ಪೂರ್ತಿ ಹೆಸರು ಬರೆದರು. ನಾನು ಸಹಿ ಮಾಡಿದೆ. ಆಮೇಲೆ ಅವರು ಭಟ್ಟಿಯ ಕಡೆ ತಿರುಗಿ, ಆರು ವರ್ಷದಲ್ಲಿ ಮೊದಲ ಸಲ, ಮಲ್ಲೇಶಿಯನ್ನು ಕರೆದರು.

ಮಲ್ಲೇಶಿ ಕೈ ಒರೆಸಿಕೊಳ್ಳುತ್ತ ಬಂದ. "ನನ್ನ ಸಹಿ ನಡೀತೈತೇನ್ರಿ ಸಾಹೇಬ್ರ? ನಾ ಒಳಗಿದ್ದ ಬಂದವ."

"ನೀ ಕಣ್ಣಿಲೆ ನೋಡಿದಿ. ಓದಿ ಮಾಡು."

ಅವನು ತುಟಿ ಅಲುಗಿಸುತ್ತ ಓದಿ ಸಹಿ ಮಾಡಿದ. ಕಾಗದದ ಮೂಲೆಗೆ ಹಿಟ್ಟು ಹತ್ತಿತು.

ಒಂದು ಪ್ರತಿಯನ್ನು ಸಾಹೇಬರು ರಿಜಿಸ್ಟರ್ ಪೋಸ್ಟಿನಲ್ಲಿ ಕೋರ್ಟಿಗೆ ಕಳಿಸಿದರು. ಕೋರ್ಟಿನಲ್ಲಿ ಸುಳ್ಳು ಹೇಳಿದ್ದಕ್ಕೆ ತಮ್ಮನ್ನು ಹಿಡಿದುಕೊಂಡು ಹೋಗಲು ಯಾರಾದರೂ ಬರುತ್ತಾರೆಂದು ಅವರ ಎಣಿಕೆ. "ಯಾರರೆ ಬಂದಿದ್ರೇನ್ರಿ ಭಾಯಿ?" ಎಂದು ದಿನಾ ಕೇಳುವರು. ಪತ್ರ ಮುಟ್ಟಿದ ಚೀಟಿ ಬಂತು, ಅಷ್ಟೇ. ಸಹಿಯಿರುವ ಅಸಲು ಕಾಗದ ಫಕೀರಪ್ಪನಿಗೆ. ಬಂದರೆ ಕೊಡಲು ಎಂದು ಜೇಬಿನಲ್ಲೇ ಇಟ್ಟುಕೊಂಡು ಬೆಂಚಿನ ಮೇಲೆ ಕೂರುವರು. ಸವದತ್ತಿಯ ಬಸ್ಸು ಬರುವ ಹೊತ್ತಿಗೆ ಕನ್ನಡಕ ಒರೆಸಿ ಹಾಕಿಕೊಳ್ಳುವರು. ಅವನೂ ಬರಲಿಲ್ಲ. ನಂಬದವನ ಮನೆಗೆ ಹೋಗಿ ಕಾಗದ ತುರುಕಬಾರದೆಂದು ಇವರೂ ಹೋಗಲಿಲ್ಲ. ಕೊನೆಗೆ ಒಂದು ದಿನ ಆ ಕಾಗದವನ್ನು ನನ್ನ ದುಡ್ಡಿನ ಗಲ್ಲೆಯಲ್ಲಿ ಇಡಲು ಹೇಳಿ, "ನನ್ನ ಕಡೆ ಮಡಿಚಿ ಮಡಿಚಿ ಹರಿಯಾಕ ಹತ್ತೈತಿ," ಎಂದರು.

ಅದಾಗಿ ಇಪ್ಪತ್ತು ದಿನಕ್ಕೆ ಬೆಂಚು ಖಾಲಿ ಉಳಿಯಿತು. ಮಲ್ಲೇಶಿಯೇ ತಟ್ಟೆಯಲ್ಲಿನ ಬನ್ನು ನೋಡಿ, "ಸಾಹೇಬ್ರು ಬಂದಿಲ್ರಿ," ಎಂದ. ಹೋಗಿ ಬಾಗಿಲು ಬಡಿದೆವು. ನಿದ್ದೆಯಲ್ಲೇ ಹೋಗಿದ್ದರು. ಕೋಣೆಯಲ್ಲಿ ಬಾಗಿಲ ಹತ್ತಿರವೇ ಒಂದು ಬಟ್ಟೆಯ ಚೀಲ ತಯಾರಿತ್ತು. ಎರಡು ಜೊತೆ ಬಟ್ಟೆ, ಸಾಬೂನು, ಗುಳಿಗೆ, ಟವೆಲ್ಲು. ಎಲ್ಲಿಗೆ ಹೊರಟಿದ್ದರಪ್ಪಾ ಎಂದುಕೊಂಡೆ. ಮಲ್ಲೇಶಿಗೆ ನೋಡಿದ ಕೂಡಲೆ ತಿಳಿದಿತ್ತು. "ಒಳಗ ಹೋಗಾಕ ಇಟ್ಟಾರ್ರಿ," ಎಂದು ಚೀಲವನ್ನು ಎದೆಗೆ ಒತ್ತಿಕೊಂಡು ಅತ್ತ.

ಅವರ ತಮ್ಮನ ಮಗ ಬಂದ. ಯಾರಿಗೆಲ್ಲ ತಿಳಿಸಬೇಕೆಂದು ಕೇಳಿದ. ಸಾಹೇಬರ ಮೊಬೈಲು ತೆಗೆದರೆ ಒಂದು ಹೆಸರಿಲ್ಲ. ಭಟ್ಟಿ ಬೈಲಹೊಂಗಲ, ವೆಲ್ಡಿಂಗ್ ಕಿತ್ತೂರು, ಗ್ಯಾರೇಜ್ ಸವದತ್ತಿ, ಹೋಟೆಲ್ ರಾಮದುರ್ಗ. ಹೀಗೆ ಹದಿನಾಲ್ಕು. ನಮ್ಮದೊಂದನ್ನು ಬಿಟ್ಟು ಉಳಿದವಕ್ಕೆಲ್ಲ ನಾನೇ ಫೋನು ಹಚ್ಚಿದೆ. ತಲಾಟಿ ಸಾಹೇಬರು ತೀರಿಕೊಂಡರು, ನಾಳೆ ಹನ್ನೊಂದಕ್ಕೆ ಮಣ್ಣು ಎಂದೆ. "ಯಾರ್ರಿ? ಗೊತ್ತಿಲ್ರಿ," ಎಂದು ಒಬ್ಬ ಇಟ್ಟ. "ರಾಂಗ್ ನಂಬರ್" ಎಂದ ಇನ್ನೊಬ್ಬ. ಹಿಂದೆ ಹೆಂಡತಿಯ ದನಿಯೋ ಮಾಲಕನ ದನಿಯೋ ಕೇಳುತ್ತಿತ್ತು. ಗ್ಯಾರೇಜಿನವನೂ "ಗೊತ್ತಿಲ್ರಿ" ಎಂದ. ಎಂದರೂ ಫೋನು ಇಡಲಿಲ್ಲ. ನಾನೇ ಇಟ್ಟೆ.

ಸವದತ್ತಿಯಾಚೆ ಅವರ ಹುಟ್ಟೂರಿನ ಹೊಲದಲ್ಲಿ ಮಣ್ಣಾಯಿತು. ಎಂಟು ಹತ್ತು ಜನ. ಅವರಲ್ಲಿ ಕೂರಿಸಿ ಹೂಳುತ್ತಾರೆ. ಗೋಡೆಗೆ ಒರಗಿ ಕೂತ ಸಾಹೇಬರನ್ನು ಕಂಡಾಗ, ಇನ್ನು ಎಂಟು ದಿನಕ್ಕೆ ಎದ್ದು ಡಬ್ಬಿ ಮುಚ್ಚುತ್ತಾರೇನೋ ಎನಿಸಿತು. ನಮ್ಮಲ್ಲಿಯ ರೂಢಿಯಂತೆ ನಾನು ಮೂರು ಹಿಡಿ ಮಣ್ಣು ಹಾಕಿದೆ. ಯಾರೂ ಬೇಡವೆನ್ನಲಿಲ್ಲ. ಬರುವಾಗ ಬಸ್ಸಿನಲ್ಲಿ ನಾನೂ ಮಲ್ಲೇಶಿಯೂ ಬೇರೆ ಬೇರೆ ಸೀಟಿನಲ್ಲಿ ಕೂತು ಬಂದೆವು.

ಹದಿನೈದು ದಿನದ ಮೇಲೆ ಫಕೀರಪ್ಪ ಬಂದ. ಬೆಂಚು ನೋಡಿದ. "ಸುದ್ದಿ ತಿಳೀತ್ರಿ," ಎಂದ. ನಾನು ಗಲ್ಲೆಯಿಂದ ಕಾಗದ ತೆಗೆದುಕೊಟ್ಟೆ. ಓದಿ ಹೇಳಲೇ ಎಂದರೆ, "ಬರತೈತ್ರಿ. ಒಳಗ ಕಲ್ತೇನಿ," ಎಂದು ಬೆರಳಿಟ್ಟು ಓದಿದ. ನಾಲ್ಕು ಸಾಲಿಗೆ ಬಹಳ ಹೊತ್ತು ಹಿಡಿಯಿತು.

"ಅಷ್ಟ?"

"ಅಷ್ಟ," ಎಂದೆ.

"ಈ ಸಹಿ ನಿಮ್ಮದೇನ್ರಿ? ಅವರು ಬರಿಯೂದನ್ನ ಖರೇನ ನೋಡೀರಿ?"

"ನೋಡೇನಿ. ಇಲ್ಲೇ ಕುಂತಿದ್ದೆ. ಒಂದೊಂದ ಅಕ್ಷರ ಬಿಡಿಸಿ ಬರದ್ರು."

"ಕೋರ್ಟಿನ್ಯಾಗ ತೋರ್ಸಿದ್ರಲ್ರಿ, ಆ ಸಹಿ ಭಾಳ ಚಂದ ಇತ್ತು," ಎಂದ. ಕಾಗದವನ್ನು ಅದೇ ಮಡಿಕೆಗಳಲ್ಲಿ ಮಡಚಿ ಒಳಜೇಬಿಗೆ ಇಟ್ಟುಕೊಂಡ. ಹೊಸ್ತಿಲವರೆಗೆ ಹೋಗಿ ನಿಂತ. ಮಲ್ಲೇಶಿಯಂತೆ ಅವನಿಗೂ ದಾಟೆಂದು ಹೇಳಬೇಕಾಗುತ್ತದೇನೋ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ತಿರುಗದೆಯೇ ಕೇಳಿದ. "ರಾಮದುರ್ಗದಾಗ ಮಗ್ಗದವರು ಯಾರರೆ ಗುರ್ತ ಅದಾರೇನ್ರಿ?"

ರಾಮದುರ್ಗ ನನ್ನ ಹೆಂಡತಿಯ ತವರು. ಹೋದೆವು. ಮಗ್ಗದ ಮಾಲಕರು ಎಲ್ಲ ಕೇಳಿದರು, ಕೆಲಸ ನೋಡಿದರು. ಆಮೇಲೆ ನನ್ನನ್ನು ಬದಿಗೆ ಕರೆದು, "ನಿಮ್ಮ ಜವಾಬ್ದಾರಿ ಅಂತ ಒಂದ ಚೀಟಿ ಬರದ ಕೊಟ್ಟ ಹೋಗ್ರಿ ಸಾಕು," ಎಂದರು. ಪೆನ್ನು ನನ್ನ ಜೇಬಿನಲ್ಲೇ ಇತ್ತು. ಬರೆದುಕೊಟ್ಟರೆ ಹನ್ನೆರಡರ ಬಸ್ಸು ಸಿಗುತ್ತಿತ್ತು.

"ಬರದ ಕೊಡಂಗಿಲ್ರಿ," ಎಂದೆ. "ಎಂಟ ದಿನ ಬಂದು ಕುಂಡರತೇನಿ."

ಅವರು ನಕ್ಕರು. "ನಿಮಗ ಬ್ಯಾರೆ ಉದ್ಯೋಗ ಇಲ್ಲೇನ್ರಿ?"

ಬೇಕರಿಯನ್ನು ಮಲ್ಲೇಶಿಯ ಕೈಗೆ ಬಿಟ್ಟು ಎಂಟು ದಿನ ಕೂತೆ. ಮಗ್ಗಗಳ ಸದ್ದಿನಲ್ಲಿ ಒಂದು ಮಾತು ಆಡುವಂತಿಲ್ಲ, ಕೇಳುವಂತಿಲ್ಲ. ಬಂದವರು ನನ್ನನ್ನು ನೋಡಿ, ಇವನ್ಯಾರು ಎಂದು ಕಣ್ಣಲ್ಲೇ ಕೇಳಿ ಹೋಗುವರು. ಫಕೀರಪ್ಪ ನನಗೆ ಬೆನ್ನು ಮಾಡಿ ಎಳೆ ಕಟ್ಟುವನು. ಹರಟೆಯಿಲ್ಲದೆ ಅರ್ಧ ದಿನ ಇರಲಾರದವನು ನಾನು. ಎರಡನೆಯ ದಿನ ಮಧ್ಯಾಹ್ನಕ್ಕೇ ಅಳು ಬಂದಂತಾಯಿತು. ಇದನ್ನು ಸಾಹೇಬರು ಹದಿನಾಲ್ಕು ಸಲ ಮಾಡಿದ್ದರು. ಆಗ ನಾನು ಅವರಿಗೆ ಮಾತು ಬಾರದೆಂದು ಆಡಿಕೊಂಡಿದ್ದೆ. ನನಗೆ ಅವರ ನೆನಪು ಬಹಳ ಕಾಡಿತು. ಎಂಟನೆಯ ದಿನ ಸಂಜೆ ಡಬ್ಬಿ ಮುಚ್ಚಿ ಎದ್ದಾಗ ಫಕೀರಪ್ಪನಿಗೆ ಒಂದು ಮಾತು ಹೇಳಿದೆ. "ಬಜಾರದಾಗ ಕಂಡ್ರ ನನ್ನ ಮಾತಾಡ್ಸಬ್ಯಾಡ."

"ಗೊತ್ತೈತ್ರಿ," ಎಂದ.

ಹೋದ ತಿಂಗಳು ಸವದತ್ತಿಯ ಬಸ್ ಸ್ಟ್ಯಾಂಡಿನಲ್ಲಿ ನನ್ನ ಗಿರಾಕಿಯೊಬ್ಬರ ಜೊತೆ ನಿಂತಿದ್ದೆ. ಎದುರಿಗೆ ಫಕೀರಪ್ಪ. ಪಕ್ಕದಲ್ಲಿ ಹೆಂಡತಿ, ಕೈಯಲ್ಲಿ ಹೊಸ ಹಾಸಿಗೆಯ ಗಂಟು. ನನ್ನನ್ನು ಕಂಡ. ಒಂದು ಗಳಿಗೆ ಕಣ್ಣು ನನ್ನ ಮೇಲೆ ನಿಂತವು. ಆಮೇಲೆ ಹೆಂಡತಿಗೆ ಏನೋ ಹೇಳಿ ಬಸ್ಸಿನ ಬೋರ್ಡಿನ ಕಡೆ ತಿರುಗಿದ.

"ಅಂವ ಯಾರ್ರಿ ಭಾಯಿ?" ಎಂದರು ಗಿರಾಕಿ. "ನಿಮ್ಮನ್ನ ನೋಡಾಕ ಹತ್ತಿದ್ದ."

ಫಕೀರಪ್ಪ ಬಸ್ಸು ಹತ್ತಿ, ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿಯ ಪಕ್ಕ ಕೂರುವವರೆಗೆ ನಾನು ನೋಡಿದೆ.

"ಗೊತ್ತಿಲ್ರಿ," ಎಂದೆ.